ಕೀಲಿಮಣೆಯ ಒಡೆತನ

ಗಣಕಯಂತ್ರದ ತೆರೆಯ ಮೇಲೆ ಏಕಕಾಲದಲ್ಲಿ ಹತ್ತಾರು ವಿಂಡೋಗಳು ತೆರೆದಿರಬಹುದು. ಆದರೆ ಅವೆಲ್ಲಕ್ಕೂ ಇರುವ ಕೀಲಿಮಣೆ ಒಂದೇ, ಅದರ ಮೇಲೆ ಆಡುವ ಬೆರಳುಗಳೂ ಒಬ್ಬರವೇ. ಒತ್ತಿದ ಪ್ರತಿಯೊಂದು ಅಕ್ಷರವೂ ಈ ಹತ್ತಾರರಲ್ಲಿ ಯಾವ ವಿಂಡೋವನ್ನು ಹೋಗಿ ಸೇರಬೇಕೆಂಬ ನಿರ್ಣಯ ಎಲ್ಲಿಯಾದರೂ ನಡೆಯಲೇಬೇಕು. ಯಾವುದರ ಪಾಲಿಗೆ ಆ ನಿರ್ಣಯವಾಗಿದೆಯೋ ಅದರಲ್ಲಿ ಫೋಕಸ್ ಇದೆಯೆಂದು ನಾವು ಹೇಳುತ್ತೇವೆ. ಲಿನಕ್ಸ್ ಡೆಸ್ಕ್‌ಟಾಪನ್ನು ನಿತ್ಯವೂ ಬಳಸುವವರೆಲ್ಲರಿಗೂ ಪರಿಚಿತವಾದ ಒಂದು ಪೀಡೆಯುಂಟು: ನಾವು ಒಂದು ವಿಂಡೋವಿನಲ್ಲಿ ತನ್ಮಯರಾಗಿ ಬರೆಯುತ್ತಿರುವಾಗ, ನಾವು ಕರೆಯದ ಇನ್ನೊಂದು ವಿಂಡೋ ಮುಂದೆ ಬಂದು ನಿಂತು, ಫೋಕಸ್ಸನ್ನು ತನ್ನೆಡೆಗೆ ಸೆಳೆದುಕೊಂಡು, ವಾಕ್ಯದ ಉಳಿದರ್ಧವನ್ನು ತಾನು ನುಂಗಿಬಿಡುತ್ತದೆ. ಇದನ್ನು ಯಂತ್ರಗಳೊಡನೆ ಬಾಳುವವರು ಸಹಿಸಿಕೊಳ್ಳಬೇಕಾದ ಸಣ್ಣ ಕಿರಿಕಿರಿಯೆಂದು ತಳ್ಳಿಹಾಕುವವರು ಅನೇಕರು. ನನಗೆ ಹಾಗೆ ತೋರುವುದಿಲ್ಲ. ಫೋಕಸ್ಸಿನ ಒಡೆತನ ಬಳಸುವವರದು. ಅವರ ಕೈಯಿಂದ ಹೊರಟ ಒಂದು ಕ್ರಿಯೆಯ ಫಲವಾಗಿ ಮಾತ್ರ ಅದು ಒಂದು ವಿಂಡೋವಿನಿಂದ ಇನ್ನೊಂದಕ್ಕೆ ಸಲ್ಲತಕ್ಕದ್ದು. ಯಾವ ತಂತ್ರಾಂಶವೂ ತನ್ನ ಸ್ವಂತ ತೀರ್ಮಾನದಿಂದ ಅದನ್ನು ತೆಗೆದುಕೊಳ್ಳತಕ್ಕದ್ದಲ್ಲ. ಈ ಸೂತ್ರವನ್ನು ಸ್ಥಾಪಿಸುವುದೂ, ಅದಕ್ಕೆ ಬರಬಹುದಾದ ಆಕ್ಷೇಪಗಳನ್ನು ಪರಿಶೀಲಿಸುವುದೂ ಈ ಲೇಖನದ ಉದ್ದೇಶ.

ಮೊದಲು ಹಾನಿಯ ಸ್ವರೂಪವನ್ನು ನೋಡೋಣ. ಟರ್ಮಿನಲ್ಲಿನಲ್ಲಿ, ಆಡಳಿತಾಧಿಕಾರವನ್ನು ಕೇಳುವ ಸುಡೊ ಆಜ್ಞೆಯನ್ನು ಕೊಟ್ಟು ಪಾಸ್‌ವರ್ಡನ್ನು ಬರೆಯತೊಡಗಿದ್ದೇವೆ ಎಂದಿಟ್ಟುಕೊಳ್ಳಿ. ಪಾಸ್‌ವರ್ಡಿನ ಅಕ್ಷರಗಳನ್ನು ಟರ್ಮಿನಲ್ ಸಾಮಾನ್ಯವಾಗಿ ತೋರಿಸುವುದಿಲ್ಲ. ಏನೂ ಕಾಣದಿರುವುದೇ ಅಲ್ಲಿ ಸಹಜಸ್ಥಿತಿ. ಆದುದರಿಂದ ನಾಲ್ಕನೆಯ ಅಕ್ಷರದ ಹೊತ್ತಿಗೆ ಸಂಭಾಷಣೆಯ ತಂತ್ರಾಂಶವೊಂದು ಫೋಕಸ್ಸನ್ನು ಸೆಳೆದುಕೊಂಡರೆ, ಬರೆದುದು ಟರ್ಮಿನಲ್ಲಿನಲ್ಲಿ ಕಾಣುತ್ತಿಲ್ಲವೆಂಬ ಸಂಗತಿಯಿಂದ ನಮಗೆ ಯಾವ ಸಂಶಯವೂ ಹುಟ್ಟುವುದಿಲ್ಲ. ಉಳಿದ ಅಕ್ಷರಗಳು ಹರಟೆಯ ಪೆಟ್ಟಿಗೆಯಲ್ಲಿ ಬೀಳುತ್ತವೆ. ಅಭ್ಯಾಸಬಲದಿಂದ ಕೊನೆಗೆ ಒತ್ತಿದ ಎಂಟರ್ ಕೀಲಿಯು, ಟರ್ಮಿನಲ್ಲಿಗೆ ಸಲ್ಲಬೇಕಾದ ಸಮಾಪ್ತಿಸೂಚನೆಯಾಗುವುದರ ಬದಲು, ಗೋಪ್ಯದ ಬಹುಭಾಗವನ್ನು ಗುಂಪಿನ ಸದಸ್ಯರೆಲ್ಲರಿಗೂ ರವಾನಿಸುವ ಆಜ್ಞೆಯಾಗುತ್ತದೆ. ಇಲ್ಲಿ ಯಾರೂ ಕನ್ನ ಹಾಕಲಿಲ್ಲ, ಯಾವ ದುಷ್ಟ ತಂತ್ರಾಂಶವೂ ಒಳನುಗ್ಗಲಿಲ್ಲ. ಸದುದ್ದೇಶದಿಂದ ರಚಿತವಾದ ಎರಡು ತಂತ್ರಾಂಶಗಳ ನಡುವೆ, ತಪ್ಪನ್ನೇನೂ ಮಾಡದ ಮನುಷ್ಯರೊಬ್ಬರ ಗುಟ್ಟು ಬಯಲಾಯಿತು.

ಎರಡನೆಯ ಹಾನಿ ಇನ್ನೂ ಸೂಕ್ಷ್ಮವಾದುದು. ಪ್ರಶ್ನೆಯೊಂದನ್ನು ಹೊತ್ತ ಸಂವಾದಪೆಟ್ಟಿಗೆ ಫೋಕಸ್ಸಿನೊಡನೆ ತೆರೆಯ ಮೇಲೆ ಬಂದಾಗ, ಅದರ ಗುಂಡಿಗಳಲ್ಲಿ ಒಂದು ಆಗಲೇ ಆಯ್ಕೆಗೊಂಡಿರುವುದು ವಾಡಿಕೆ. ಹಾಗೆ ಆಯ್ಕೆಗೊಂಡ ಗುಂಡಿಯನ್ನು ಅಂತರದ ಕೀಲಿ ಒತ್ತಿಬಿಡುತ್ತದೆ. ಎಂಟರ್ ಕೀಲಿ ಪೆಟ್ಟಿಗೆಯ ಪೂರ್ವನಿರ್ಧಾರಿತ ಉತ್ತರವನ್ನು ಸ್ವೀಕರಿಸಿಬಿಡುತ್ತದೆ. ಬರೆಯುವವರು ಎರಡು ಪದಗಳ ನಡುವೆ ಅಂತರವನ್ನು ಬಿಡಲೇಬೇಕು, ಪರಿಚ್ಛೇದದ ಕೊನೆಯಲ್ಲಿ ಎಂಟರ್ ಒತ್ತಲೇಬೇಕು. ಆದುದರಿಂದ ಬರವಣಿಗೆಯ ಮಧ್ಯದಲ್ಲಿ ಎದ್ದುಬಂದ ಪ್ರಶ್ನೆಗೆ, ಅದನ್ನು ಓದುವುದಕ್ಕೆ ಮೊದಲೇ, ಕಾಣುವುದಕ್ಕೂ ಮೊದಲೇ, ನಾವು ಉತ್ತರ ಕೊಟ್ಟಿರುತ್ತೇವೆ. ಪೆಟ್ಟಿಗೆ ಮಾಯವಾಗುತ್ತದೆ, ಏನನ್ನು ಕೇಳಿತು, ನಾವು ಯಾವುದಕ್ಕೆ ಒಪ್ಪಿದೆವು ಎಂಬುದು ತಿಳಿಯದೆಯೇ ಉಳಿಯುತ್ತದೆ. ಕಡತವನ್ನು ಅಳಿಸಲೇ, ಯಂತ್ರವನ್ನು ಈಗಲೇ ಮರುಚಾಲನೆಗೊಳಿಸಲೇ, ಅಪರಿಚಿತ ಪ್ರಮಾಣಪತ್ರವನ್ನು ನಂಬಲೇ ಎಂಬಂಥ ಪ್ರಶ್ನೆಗಳು ಈ ವರ್ಗದಲ್ಲಿ ಉಂಟೆಂಬುದನ್ನು ನೆನೆದರೆ ಹಾನಿಯ ಪ್ರಮಾಣ ಮನಸ್ಸಿಗೆ ಬರುತ್ತದೆ. ಈ ದೌರ್ಬಲ್ಯವನ್ನು ದುರುದ್ದೇಶದಿಂದ ಬಳಸಿಕೊಳ್ಳುವುದೂ ಸಾಧ್ಯ: ಓದುಗರಿಂದ ಒಂದು ನಿರ್ದಿಷ್ಟ ಪದವನ್ನು ಬರೆಯಿಸುತ್ತ, ಸರಿಯಾದ ಕ್ಷಣದಲ್ಲಿ ಅನುಮತಿಯ ಪೆಟ್ಟಿಗೆಯನ್ನು ಅವರ ಬೆರಳಿನ ಕೆಳಗೆ ಸರಿಸುವ ಜಾಲಪುಟವನ್ನು ರಚಿಸಬಹುದು. ಫೈರ್‌ಫಾಕ್ಸ್ ಬ್ರೌಸರಿನಲ್ಲಿ ಇಂಥ ಕೆಲವು ಪೆಟ್ಟಿಗೆಗಳ ಒಪ್ಪಿಗೆಯ ಗುಂಡಿ ಸುಮಾರು 1 ಸೆಕೆಂಡಿನವರೆಗೆ ನಿಷ್ಕ್ರಿಯವಾಗಿರುವುದು ಈ ಅಪಾಯವನ್ನು ಅರಿತುಕೊಂಡುದರ ಫಲ.

ಕನ್ನಡದಲ್ಲಿ ಬರೆಯುವವರಿಗೆ ಈ ಪೀಡೆ ಒಂದು ವಿಶೇಷ ರೂಪದಲ್ಲಿ ಬರುತ್ತದೆ. ಕೆ. ಪಿ. ರಾವ್ ವಿನ್ಯಾಸದಲ್ಲಿ ‘ಕ್ಷ’ ಎಂಬ ಒಂದು ಅಕ್ಷರಕ್ಕೆ ಮೂರು ಕೀಲಿಗಳನ್ನು ಒತ್ತಬೇಕು: ಕಕಾರಕ್ಕೆ ಒಂದು, ಒತ್ತನ್ನು ಬೆಸೆಯುವ ಕೊಂಡಿಗೆ ಒಂದು, ಷಕಾರಕ್ಕೆ ಒಂದು. ಐಬಸ್ ಎಂಬ ಇನ್‌ಪುಟ್ ವ್ಯವಸ್ಥೆಯ ಮೂಲಕ ಬರೆಯುವಾಗ, ಅಕ್ಷರ ಪೂರ್ಣಗೊಳ್ಳುವವರೆಗೂ ಅದು ಅಡಿಗೆರೆಯೊಡನೆ ತಾತ್ಕಾಲಿಕ ಸ್ಥಿತಿಯಲ್ಲಿ ಕಾಣಿಸಿಕೊಳ್ಳಬಹುದು. ಈ ಗರ್ಭಸ್ಥ ಅಕ್ಷರ ಇನ್ನೂ ವಿಂಡೋವಿನ ಪಠ್ಯಕ್ಕೆ ಸೇರಿರುವುದಿಲ್ಲ. ಕೊಂಡಿಗೂ ಷಕಾರಕ್ಕೂ ನಡುವೆ ಫೋಕಸ್ ಜಾರಿಹೋದರೆ, ಅರ್ಧಾಕ್ಷರವು ತಂತ್ರಾಂಶದ ಸ್ವಭಾವಕ್ಕನುಸಾರವಾಗಿ ಒಂದೋ ಮುರಿದ ರೂಪದಲ್ಲಿ ಪಠ್ಯದೊಳಗೆ ಉಳಿಯುತ್ತದೆ, ಇಲ್ಲವೇ ಇಲ್ಲವಾಗುತ್ತದೆ. ಇದರ ಮೇಲೆ, ಪ್ರತಿಯೊಂದು ವಿಂಡೋವಿಗೂ ಬೇರೆ ಬೇರೆ ಭಾಷೆಯ ವಿನ್ಯಾಸವನ್ನು ನೆನಪಿಡುವಂತೆ ಗ್ನೋಮ್ ಡೆಸ್ಕ್‌ಟಾಪನ್ನು ಹೊಂದಿಸಿಕೊಂಡವರಿಗೆ, ಮುನ್ನುಗ್ಗಿದ ವಿಂಡೋ ಇಂಗ್ಲಿಷ್ ವಿನ್ಯಾಸದಲ್ಲಿದ್ದರೆ, ಕನ್ನಡ ವಾಕ್ಯದ ಮುಂದುವರಿಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ಅದರೊಳಗೆ ಬೀಳುತ್ತದೆ. ಹಲವು ಕೀಲಿಗಳಿಂದ ಒಂದು ಅಕ್ಷರವನ್ನು ಕಟ್ಟುವ ಲಿಪಿಗಳನ್ನು ಬರೆಯುವವರೆಲ್ಲರೂ, ಒಂದು ಕೀಲಿಗೆ ಒಂದು ಅಕ್ಷರವೆಂಬ ಲಿಪಿಯವರಿಗಿಂತ ಹೆಚ್ಚಾಗಿ, ಫೋಕಸ್ಸಿನ ಸ್ಥಿರತೆಯನ್ನು ನಂಬಿಕೊಂಡಿದ್ದಾರೆ.

ದೃಷ್ಟಿಯಿಲ್ಲದವರ ಪಾಡು ಇನ್ನೂ ಕಷ್ಟತರವಾದುದು. ಓರ್ಕಾ ಎಂಬ ಪಠನ ತಂತ್ರಾಂಶದ ಸಹಾಯದಿಂದ ಲಿನಕ್ಸನ್ನು ಬಳಸುವವರಿಗೆ, ಫೋಕಸ್ ಎಲ್ಲಿದೆಯೋ ಅದೇ ತೆರೆ; ಅದರ ಹೊರಗಿನದನ್ನು ಒಂದೇ ನೋಟದಲ್ಲಿ ಗ್ರಹಿಸುವ ಅವಕಾಶ ಅವರಿಗಿಲ್ಲ. ಕಣ್ಣುಳ್ಳವರು ಅಡ್ಡಬಂದ ವಿಂಡೋವನ್ನು ಮೌಸಿನಿಂದ ಸರಿಸಿ ಹಿಂದಿನ ಸ್ಥಳಕ್ಕೆ ಹೋಗಬಲ್ಲರು. ಕೇಳಿ ಬಳಸುವವರಿಗಾದರೋ ಓದುತ್ತಿದ್ದ ವಾಕ್ಯ ನಡುವೆ ತುಂಡಾಗಿ, ಅಪರಿಚಿತ ವಿಂಡೋವಿನ ಹೆಸರು ಕೇಳಿಬಂದು, ತಾವು ಎಲ್ಲಿದ್ದೆವೆಂಬುದನ್ನು ಮೊದಲಿನಿಂದ ಹುಡುಕಿಕೊಳ್ಳಬೇಕಾಗುತ್ತದೆ.

ಎಚ್ಚರಿಕೆಯಿಂದಿದ್ದರೆ ಇದೆಲ್ಲವನ್ನೂ ತಪ್ಪಿಸಿಕೊಳ್ಳಬಹುದಲ್ಲವೆ ಎಂದು ಕೇಳುವವರಿಗೆ ಗಣಿತವೇ ಉತ್ತರ ಕೊಡುತ್ತದೆ. ನಿಮಿಷಕ್ಕೆ 60 ಇಂಗ್ಲಿಷ್ ಪದಗಳನ್ನು ಬರೆಯುವವರು, ಪದಕ್ಕೆ 5 ಕೀಲಿಗಳೆಂಬ ರೂಢಿಯ ಲೆಕ್ಕದಲ್ಲಿ, ಸೆಕೆಂಡಿಗೆ 5 ಕೀಲಿಗಳನ್ನು ಒತ್ತುತ್ತಾರೆ. ತೆರೆಯ ಮೇಲಿನ ಬದಲಾವಣೆಯನ್ನು ಕಂಡು, ಅದೇನೆಂದು ತಿಳಿದು, ಬೆರಳುಗಳನ್ನು ತಡೆಯುವುದಕ್ಕೆ ಅರ್ಧ ಸೆಕೆಂಡು ಹಿಡಿದರೂ ಎರಡು ಮೂರು ಕೀಲಿಗಳು ಆಗಲೇ ಒತ್ತಿಹೋಗಿರುತ್ತವೆ. ಒಪ್ಪಿಗೆಯಾಗಿ ಪರಿಣಮಿಸುವುದಕ್ಕೆ ಅವುಗಳಲ್ಲಿ ಒಂದು ಸಾಕು. ಕಾಗದದ ಪ್ರತಿಯನ್ನು ನೋಡಿಕೊಂಡು ಬೆರಳಚ್ಚು ಮಾಡುವವರ ಕಣ್ಣು ತೆರೆಯ ಮೇಲೆ ಇರುವುದೇ ಇಲ್ಲ. ಮನುಷ್ಯಶರೀರದ ಮಿತಿಯನ್ನೇ ದೋಷವೆಂದು ಎಣಿಸುವ ವ್ಯವಸ್ಥೆ ತನ್ನ ದೋಷವನ್ನು ಇತರರ ಮೇಲೆ ಹೊರಿಸುತ್ತಿದೆಯೆಂದೇ ಹೇಳಬೇಕು.

ಈ ಸ್ಥಿತಿ ಹೇಗೆ ಬಂದಿತು? ಲಿನಕ್ಸ್ ಡೆಸ್ಕ್‌ಟಾಪಿನ ಅಡಿಪಾಯವಾಗಿ ಬಹುಕಾಲ ನಿಂತದ್ದು ಎಕ್ಸ್ ವಿಂಡೋ ವ್ಯವಸ್ಥೆ. ಅದು 1984ರಲ್ಲಿ ಎಂ.ಐ.ಟಿ.ಯಲ್ಲಿ ಹುಟ್ಟಿತು, 1987ರಲ್ಲಿ ಪ್ರಕಟವಾದ ಅದರ ಹನ್ನೊಂದನೆಯ ಆವೃತ್ತಿಯೇ ಇಂದಿಗೂ ಎಕ್ಸ್11 ಎಂಬ ಹೆಸರಿನಿಂದ ಉಳಿದುಬಂದಿದೆ. ಅದರ ನಿರ್ಮಾತೃಗಳು ಒಂದು ತತ್ತ್ವಕ್ಕೆ ಬದ್ಧರಾಗಿದ್ದರು: ವ್ಯವಸ್ಥೆಯು ಸಾಧನಗಳನ್ನು ಒದಗಿಸಬೇಕು, ಅವುಗಳನ್ನು ಬಳಸುವ ನೀತಿಯನ್ನು ವಿಧಿಸಬಾರದು. ನಾನಾ ವಿಶ್ವವಿದ್ಯಾಲಯಗಳೂ ಕಂಪನಿಗಳೂ ತಮ್ಮ ತಮ್ಮ ಅಭಿರುಚಿಯ ಡೆಸ್ಕ್‌ಟಾಪುಗಳನ್ನು ಕಟ್ಟಿಕೊಳ್ಳಲು ಈ ಔದಾರ್ಯ ಅವಕಾಶ ಕೊಟ್ಟಿತು. ವಿಂಡೋಗಳ ಅಂಚು, ಶೀರ್ಷಿಕೆ, ಸ್ಥಾನಗಳ ವಿಷಯದಲ್ಲಿ ಅದು ಶ್ಲಾಘ್ಯವಾದ ನಿರ್ಧಾರ. ಆದರೆ ಫೋಕಸ್ಸಿನ ವಿಷಯದಲ್ಲಿ ಅದೇ ಔದಾರ್ಯ ಅರಾಜಕತೆಗೆ ದಾರಿಯಾಯಿತು. ಫೋಕಸ್ಸನ್ನು ಇಂಥ ವಿಂಡೋವಿಗೆ ಕೊಡು ಎಂಬ ಆಜ್ಞೆಯನ್ನು ಎಕ್ಸ್ ಸರ್ವರಿಗೆ ಯಾವ ತಂತ್ರಾಂಶ ಬೇಕಾದರೂ ಕಳುಹಿಸಬಹುದು. ವಿಂಡೋಗಳ ಮೇಲ್ವಿಚಾರಣೆಗೆಂದೇ ಇರುವ ವಿಂಡೋ ಮ್ಯಾನೇಜರ್ ಕೂಡ ಆ ವ್ಯವಸ್ಥೆಯಲ್ಲಿ ಉಳಿದವುಗಳಂತೆ ಒಂದು ತಂತ್ರಾಂಶವೇ. ಹೊಸ ವಿಂಡೋ ತೆರೆಯುವುದನ್ನೂ ಸ್ಥಳಾಂತರವಾಗುವುದನ್ನೂ ಮುಂಚೆಯೇ ತಿಳಿದು ತಡೆಯುವ ಅಧಿಕಾರ ಅದಕ್ಕುಂಟು. ಫೋಕಸ್ಸಿನ ಆಜ್ಞೆಯನ್ನು ಹಾಗೆ ನಡುವೆ ತಡೆಯುವ ಅಧಿಕಾರ ಇಲ್ಲ. ಕಸಿದುಕೊಂಡ ಮೇಲೆ ಹಿಂದಿರುಗಿಸಲು ಯತ್ನಿಸಬಹುದು, ಅಷ್ಟೆ. ಅಷ್ಟರಲ್ಲಿ ಒತ್ತಿದ ಕೀಲಿಗಳು ಹೋಗಬಾರದ ಕಡೆಗೆ ಹೋಗಿರುತ್ತವೆ.

ನಿರ್ಮಾತೃಗಳಿಗೆ ದೂರದೃಷ್ಟಿಯಿರಲಿಲ್ಲವೆಂದು ಹೇಳಿದರೆ ಅನ್ಯಾಯವಾಗುತ್ತದೆ. ಫೋಕಸ್ಸಿನ ಆಜ್ಞೆಯೊಡನೆ ಒಂದು ಕಾಲಮುದ್ರೆಯನ್ನೂ ಕಳುಹಿಸಬೇಕೆಂದು ಎಕ್ಸ್11 ವಿಧಿಸಿತು: ಮಿಲಿಸೆಕೆಂಡುಗಳಲ್ಲಿ ಎಣಿಸಿದ ಸರ್ವರಿನ ಸಮಯ. ಕಡೆಯ ಸಲ ಫೋಕಸ್ ಬದಲಾದ ಸಮಯಕ್ಕಿಂತ ಹಿಂದಿನ ಮುದ್ರೆಯನ್ನು ಹೊತ್ತುಬಂದ ಆಜ್ಞೆಯನ್ನು ಸರ್ವರ್ ಅಲಕ್ಷ್ಯ ಮಾಡುತ್ತದೆ. ಕೀಲಿಯನ್ನು ಒತ್ತಿದ ಅಥವಾ ಮೌಸನ್ನು ಅದುಮಿದ ಕ್ಷಣದ ಮುದ್ರೆಯನ್ನೇ ತಂತ್ರಾಂಶಗಳು ಪ್ರಾಮಾಣಿಕವಾಗಿ ಒಯ್ದರೆ, ಮನುಷ್ಯರ ಹಳೆಯ ಇಚ್ಛೆ ಅವರ ಹೊಸ ಇಚ್ಛೆಯನ್ನು ಮೀರುವಂತಿಲ್ಲವೆಂಬುದು ಇದರ ಒಳಗಿನ ಆಶಯ. ಎಂಥ ಸುಂದರವಾದ ಆಶಯ! ಆದರೆ ಅದೇ ವಿಧಿಯಲ್ಲಿ ಸಮಯದ ಸ್ಥಾನದಲ್ಲಿ ಸೊನ್ನೆಯನ್ನು ಬರೆದರೆ ಅದನ್ನು ‘ಈಗಿನ ಸಮಯ’ ಎಂದು ತಿಳಿಯತಕ್ಕದ್ದೆಂಬ ರಿಯಾಯಿತಿಯೂ ಇತ್ತು. ಆಲಸ್ಯದಿಂದಲೋ ಅಜ್ಞಾನದಿಂದಲೋ ಆತುರದಿಂದಲೋ ಸೊನ್ನೆಯನ್ನು ಬರೆದ ತಂತ್ರಾಂಶಕ್ಕೆ ಸದಾ ಜಯ. ಸತ್ಯವಾದ ಸಮಯವನ್ನು ಬರೆದದ್ದಕ್ಕೆ ಒಮ್ಮೊಮ್ಮೆ ಸೋಲು. ಔಷಧವೂ ಅದನ್ನು ನಿಷ್ಫಲಗೊಳಿಸುವ ರಂಧ್ರವೂ ಒಂದೇ ವಿಧಿಯಲ್ಲಿ ಅಡಕವಾಗಿದ್ದವು.

ಮುಂದಿನ ದಶಕಗಳ ಚರಿತ್ರೆ ಈ ರಂಧ್ರವನ್ನು ಶಿಷ್ಟಾಚಾರದಿಂದ ಮುಚ್ಚುವ ಪ್ರಯತ್ನದ ಚರಿತ್ರೆ. 1980ರ ದಶಕದ ಕೊನೆಯಲ್ಲಿ ಸಿದ್ಧವಾದ ಐ.ಸಿ.ಸಿ.ಸಿ.ಎಂ. ಎಂಬ ಸಂಹಿತೆ, ತಂತ್ರಾಂಶಗಳು ಪರಸ್ಪರ ಹೇಗೆ ವರ್ತಿಸಬೇಕೆಂದು ವಿವರಿಸಿ, ಫೋಕಸ್ ಕೇಳುವಾಗ ಸೊನ್ನೆಯನ್ನು ಬರೆಯದೆ ನಿಜವಾದ ಘಟನೆಯ ಸಮಯವನ್ನೇ ಬರೆಯಬೇಕೆಂದು ವಿಧಿಸಿತು. 1996ರಲ್ಲಿ ಕೆ.ಡಿ.ಇ. ಡೆಸ್ಕ್‌ಟಾಪೂ 1997ರಲ್ಲಿ ಗ್ನೋಮ್ ಕೂಡ ಆರಂಭವಾದ ಮೇಲೆ, ಎರಡೂ ಪಂಗಡಗಳು ಕೂಡಿ ಒಪ್ಪಿದ ವಿಂಡೋ ಮ್ಯಾನೇಜರ್ ನಿಯಮಾವಳಿಗೆ ಕಾಲಕ್ರಮೇಣ ಇನ್ನೊಂದು ಸಲಕರಣೆ ಸೇರಿತು: ಬಳಸುವವರು ಯಾವ ವಿಂಡೋವಿನಲ್ಲಿ ಕಡೆಯ ಸಲ ಎಂದು ಕೀಲಿಯನ್ನೊತ್ತಿದರೆಂಬುದನ್ನು ಆಯಾ ವಿಂಡೋ ತಾನೇ ಬರೆದಿಡಬೇಕು. ಇದರ ಉಪಯೋಗವನ್ನು ಒಂದು ನಿದರ್ಶನದಿಂದ ಸ್ಪಷ್ಟಪಡಿಸಬಹುದು. ತಡವಾಗಿ ತೆರೆಯುವ ಒಂದು ದೊಡ್ಡ ತಂತ್ರಾಂಶದ ಚಿಹ್ನೆಯನ್ನು ಒತ್ತಿ, ಅದು ಸಿದ್ಧವಾಗಲು ಹಿಡಿಯುವ ಎಂಟು ಹತ್ತು ಸೆಕೆಂಡುಗಳನ್ನು ವ್ಯರ್ಥ ಮಾಡಬಾರದೆಂದು ಪತ್ರ ಬರೆಯುವುದಕ್ಕೆ ಹಿಂದಿರುಗಿದ್ದೇವೆ. ಹೊಸ ವಿಂಡೋ ತನ್ನೊಡನೆ ತರುವುದು ಚಿಹ್ನೆಯನ್ನು ಒತ್ತಿದ ಕ್ಷಣದ ಮುದ್ರೆ. ಪತ್ರದ ವಿಂಡೋವಿನಲ್ಲಿರುವುದು ಅದಕ್ಕಿಂತ ಈಚಿನ ಮುದ್ರೆ. ಎರಡನ್ನೂ ಹೋಲಿಸಿದ ವಿಂಡೋ ಮ್ಯಾನೇಜರ್, ‘ಇವರು ಈ ತಂತ್ರಾಂಶವನ್ನು ಕೇಳಿದ್ದು ನಿಜ, ಆದರೆ ಆಮೇಲೆ ಬೇರೆ ಕೆಲಸದಲ್ಲಿ ತೊಡಗಿದ್ದಾರೆ’ ಎಂದು ಗ್ರಹಿಸಿ, ಹೊಸ ವಿಂಡೋವಿಗೆ ಫೋಕಸ್ ಕೊಡದೆ, ಅದು ಸಿದ್ಧವಾಗಿದೆಯೆಂಬ ಸೂಚನೆಯನ್ನು ಮಾತ್ರ ವಿಂಡೋಗಳ ಪಟ್ಟಿಯಲ್ಲಿ ಕಾಣಿಸುತ್ತದೆ. ಪತ್ರಕ್ಕೆ ಹಿಂದಿರುಗದೆ ಕಾದು ಕುಳಿತವರಿಗಾದರೋ ಫೋಕಸ್ ನೇರವಾಗಿ ಹೊಸ ವಿಂಡೋವಿಗೆ ಸಲ್ಲುತ್ತದೆ. ಒಂದೇ ನಿಯಮ ಇಬ್ಬರ ಇಚ್ಛೆಯನ್ನೂ ಪಾಲಿಸಿತು.

2004ರಲ್ಲಿ ಹೊರಬಂದ ಕೆ.ಡಿ.ಇ. 3.2 ಫೋಕಸ್ ಅಪಹರಣದ ನಿವಾರಣೆಯನ್ನು ವಿಂಡೋ ಮ್ಯಾನೇಜರಿನೊಳಗೆ ಅಳವಡಿಸಿತು. ಇಂದಿಗೂ ಕೆ.ಡಿ.ಇ.ಯ ವಿಂಡೋ ಮ್ಯಾನೇಜರ್ ಆದ ಕೆವಿನ್‌ನಲ್ಲಿ ಏನೂ ತಡೆಯದ ಹಂತದಿಂದ ಅತ್ಯಂತ ಕಟ್ಟುನಿಟ್ಟಿನ ಹಂತದವರೆಗೆ ಐದು ಹಂತಗಳನ್ನು ಕಾಣಬಹುದು. ಗ್ನೋಮ್‌ನಲ್ಲಿ ‘ಸ್ಮಾರ್ಟ್’ ಮತ್ತು ‘ಸ್ಟ್ರಿಕ್ಟ್’ ಎಂಬ ಎರಡು ಆಯ್ಕೆಗಳಿವೆ; ಎರಡನೆಯದನ್ನು ಆರಿಸಿದರೆ ಟರ್ಮಿನಲ್ಲಿನಿಂದ ಆರಂಭಿಸಿದ ವಿಂಡೋಗಳಿಗೆ ಫೋಕಸ್ ಸಿಕ್ಕುವುದಿಲ್ಲ. ಎಕ್ಸ್‌ಎಫ್‌ಸಿಇ ಎಂಬ ಡೆಸ್ಕ್‌ಟಾಪಿನಲ್ಲಿಯೂ ಇದಕ್ಕಾಗಿ ಒಂದು ಗುರುತು ಹಾಕುವ ಚೌಕವುಂಟು. ಇಷ್ಟೆಲ್ಲ ಇದ್ದೂ ಪೀಡೆ ನಿರ್ಮೂಲವಾಗಲಿಲ್ಲ. ಕಾರಣ ಸ್ಪಷ್ಟವಾಗಿದೆ: ಇವೆಲ್ಲವೂ ತಂತ್ರಾಂಶಗಳ ಸತ್ಯವಾಕ್ಯವನ್ನು ನಂಬಿ ನಿಂತಿವೆ. ಮುದ್ರೆಯನ್ನು ಬರೆಯುವುದೂ ತಂತ್ರಾಂಶವೇ, ಅದನ್ನು ತಿದ್ದಬಲ್ಲದ್ದೂ ತಂತ್ರಾಂಶವೇ. ಮತ್ತು ಪ್ರತಿಯೊಂದು ತಂತ್ರಾಂಶದ ಕರ್ತೃವೂ ತನ್ನದು ಮಾತ್ರ ನಿಜವಾಗಿಯೂ ತುರ್ತಾದುದೆಂದು ಪ್ರಾಮಾಣಿಕವಾಗಿಯೇ ನಂಬಿರುತ್ತಾನೆ. ಅವನು ತನ್ನ ಕೃತಿಯನ್ನು ಪರೀಕ್ಷಿಸುವಾಗ ಅವನ ತೆರೆಯ ಮೇಲೆ ಮುಖ್ಯವಾದುದು ಅದೊಂದೇ. ಬಳಸುವವರ ತೆರೆಯ ಮೇಲೆ ಅದು ಹನ್ನೆರಡರಲ್ಲಿ ಒಂದು. ತನ್ನ ವಿಂಡೋ ಹಿಂದೆ ಉಳಿದರೆ ದೂರು ಬರುತ್ತದೆ. ಮುಂದೆ ನುಗ್ಗಿದರೆ ಬರುವ ದೂರು, ಇನ್ನೊಂದು ತಂತ್ರಾಂಶದಲ್ಲಿ ಕೆಲಸ ಮಾಡುತ್ತಿದ್ದವರದಾದುದರಿಂದ, ಎಷ್ಟೋ ವೇಳೆ ಅವನನ್ನು ತಲುಪುವುದೇ ಇಲ್ಲ. ತಲುಪಿದರೂ ಅದು ವಿಂಡೋ ಮ್ಯಾನೇಜರಿನ ಹೊಣೆಯೆಂದು ಇವನೂ, ತಂತ್ರಾಂಶದ ಹೊಣೆಯೆಂದು ವಿಂಡೋ ಮ್ಯಾನೇಜರಿನ ಕರ್ತೃಗಳೂ ಹೇಳುವುದರಲ್ಲಿ ವರ್ಷಗಳು ಕಳೆಯುತ್ತವೆ. ಎಲ್ಲರೂ ಸಜ್ಜನರಾಗಿದ್ದರೂ ಸಭೆ ನಡೆಯುವುದಕ್ಕೆ ಅಧ್ಯಕ್ಷರೊಬ್ಬರು ಬೇಕು. ಮಾತಿನ ಸರದಿಯನ್ನು ಮಾತನಾಡುವವರೇ ಹಂಚಿಕೊಳ್ಳಲೆಂದು ಬಿಟ್ಟ ಸಭೆಯಲ್ಲಿ ಗಟ್ಟಿಯಾದ ಕಂಠವೇ ನ್ಯಾಯವಾಗುತ್ತದೆ.

ಎಕ್ಸ್ ವ್ಯವಸ್ಥೆಯ ಸ್ಥಾನಕ್ಕೆಂದು 2008ರಲ್ಲಿ ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ ಆರಂಭಿಸಿದ ವೇಲ್ಯಾಂಡ್ ಈ ಅಧ್ಯಕ್ಷಪೀಠವನ್ನು ಸ್ಥಾಪಿಸಿತೆಂಬುದೇ ಅದರ ಮಹತ್ತ್ವಗಳಲ್ಲಿ ಒಂದು. ಅಲ್ಲಿ ಫೋಕಸ್ಸನ್ನು ತೆಗೆದುಕೊಳ್ಳುವ ಆಜ್ಞೆಯೇ ತಂತ್ರಾಂಶಗಳಿಗೆ ಇಲ್ಲ. ಕೀಲಿಮಣೆ ನಿನ್ನ ಕಡೆಗೆ ಬಂದಿದೆಯೆಂಬ ಸುದ್ದಿಯನ್ನು, ಎಲ್ಲ ವಿಂಡೋಗಳನ್ನೂ ತೆರೆಯ ಮೇಲೆ ಜೋಡಿಸುವ ಕಾಂಪೋಸಿಟರ್ ಕಳುಹಿಸಿದಾಗ ತಂತ್ರಾಂಶ ಅದನ್ನು ಸ್ವೀಕರಿಸುತ್ತದೆ, ಅಷ್ಟೆ. 2021ರಲ್ಲಿ ಸೇರಿದ ಎಕ್ಸ್‌ಡಿಜಿ ಆಕ್ಟಿವೇಷನ್ ಎಂಬ ನಿಯಮ ಉಳಿದ ಕೊರತೆಯನ್ನು ತುಂಬುತ್ತದೆ. ಅಂಚೆಯ ತಂತ್ರಾಂಶದಲ್ಲಿ ಒಂದು ಕೊಂಡಿಯನ್ನು ಒತ್ತಿದಾಗ, ಆ ತಂತ್ರಾಂಶವು ಒತ್ತಿದ ಘಟನೆಯ ಕ್ರಮಸಂಖ್ಯೆಯನ್ನು ಕಾಂಪೋಸಿಟರಿಗೆ ತೋರಿಸಿ ಒಂದು ಟೋಕನ್ನನ್ನು ಪಡೆಯುತ್ತದೆ. ಅದನ್ನು ಬ್ರೌಸರಿಗೆ ಒಪ್ಪಿಸುತ್ತದೆ. ಬ್ರೌಸರ್ ಆ ಟೋಕನ್ನನ್ನು ಕಾಂಪೋಸಿಟರಿಗೆ ಹಿಂದಿರುಗಿಸಿ ಫೋಕಸ್ಸನ್ನು ಪ್ರಾರ್ಥಿಸುತ್ತದೆ. ಕ್ರಮಸಂಖ್ಯೆಯನ್ನು ಕೊಟ್ಟದ್ದು ಕಾಂಪೋಸಿಟರೇ ಆದುದರಿಂದ, ಅದು ನಿಜವಾದ ಕೈಯ ಕ್ರಿಯೆಯಿಂದ ಹುಟ್ಟಿತೇ ಇಲ್ಲವೇ ಎಂಬುದನ್ನು ಪರೀಕ್ಷಿಸುವುದು ಅದಕ್ಕೆ ಸಾಧ್ಯ. ಟೋಕನ್ ಸಲ್ಲುವಂಥದಲ್ಲವೆಂದು ತೋರಿದರೆ ಪ್ರಾರ್ಥನೆಯನ್ನು ನಿರಾಕರಿಸುವ ಸ್ವಾತಂತ್ರ್ಯವೂ ಅದಕ್ಕಿದೆ. 1987ರ ಕಾಲಮುದ್ರೆಯ ಆಶಯವೇ ಇಲ್ಲಿ ಸೊನ್ನೆಯ ರಂಧ್ರವಿಲ್ಲದೆ ಮರಳಿ ಬಂದಿದೆ: ಫೋಕಸ್ಸಿನ ಪ್ರತಿಯೊಂದು ಚಲನೆಗೂ ಮನುಷ್ಯಸಂಕಲ್ಪದ ಸಾಕ್ಷ್ಯ ಬೇಕು.

ಆದರೆ ಪೀಠವಿದ್ದ ಮಾತ್ರಕ್ಕೆ ನ್ಯಾಯ ದೊರೆಯುವುದಿಲ್ಲ. ಹೊಸದಾಗಿ ತೆರೆದ ವಿಂಡೋವಿಗೆ ಟೋಕನ್ನನ್ನು ಕೇಳದೆಯೇ ಫೋಕಸ್ ಕೊಡುವ ಕಾಂಪೋಸಿಟರುಗಳು ಇವೆ. ಟೋಕನ್ನನ್ನು ಕೊಡುವ ಶಿಸ್ತನ್ನು ಇನ್ನೂ ಕಲಿಯದ ತಂತ್ರಾಂಶಗಳು ಇರುವುದರಿಂದ, ಕಟ್ಟುನಿಟ್ಟು ಮಾಡಿದರೆ ಬಳಸುವವರು ಕೇಳಿದ ವಿಂಡೋವೂ ಹಿಂದೆ ಉಳಿದೀತೆಂಬ ಭಯ ಅದಕ್ಕೆ ಕಾರಣ. ಈ ಭಯ ನಿರಾಧಾರವಲ್ಲ, ಮತ್ತು ನನ್ನ ಸೂತ್ರದ ವಿರುದ್ಧ ಬರುವ ಮೊದಲನೆಯ ಆಕ್ಷೇಪ ಇದೇ. ಕೊಂಡಿಯನ್ನು ಒತ್ತಿದವರು ಪುಟವನ್ನು ಓದಬಯಸುತ್ತಾರೆ. ಬ್ರೌಸರ್ ಹಿಂದೆಯೇ ನಿಂತು, ‘ಸಿದ್ಧವಾಗಿದೆ’ ಎಂಬ ಸೂಚನೆಯನ್ನು ತೋರಿಸಿ, ಅದನ್ನು ಮತ್ತೊಮ್ಮೆ ಒತ್ತಿಸಿಕೊಂಡರೆ ಅದು ಯಾವ ಸೇವೆ? ಈ ಆಕ್ಷೇಪವನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ; ಮತ್ತು ಅದು ನನ್ನ ಸೂತ್ರವನ್ನು ಖಂಡಿಸದೆ ಅದನ್ನು ಸಮರ್ಥಿಸುತ್ತದೆಂದು ಹೇಳುತ್ತೇನೆ. ಫೋಕಸ್ ಎಂದಿಗೂ ಚಲಿಸಬಾರದೆಂದು ಯಾರೂ ವಾದಿಸುತ್ತಿಲ್ಲ. ಕೈಯ ಕ್ರಿಯೆಯನ್ನು ಅನುಸರಿಸಿ ಅದು ಚಲಿಸಬೇಕು. ಕೇಳದೆ ಬಂದದ್ದು ಎಷ್ಟು ಅತಿಕ್ರಮಣವೋ ಕೇಳಿದರೂ ಬಾರದಿರುವುದು ಅಷ್ಟೇ ಅವಿಧೇಯತೆ. ಎರಡಕ್ಕೂ ಚಿಕಿತ್ಸೆ ಒಂದೇ: ಸಾಕ್ಷ್ಯವನ್ನು ಸರಿಯಾಗಿ ಒಯ್ಯುವುದು. ಟೋಕನ್ನನ್ನು ಒಯ್ಯದ ತಂತ್ರಾಂಶವನ್ನು ತಿದ್ದಬೇಕೇ ಹೊರತು, ಅದರ ಸಲುವಾಗಿ ಬಾಗಿಲನ್ನೇ ತೆಗೆದುಹಾಕಬಾರದು.

ಎರಡನೆಯ ಆಕ್ಷೇಪ ಪಾಸ್‌ವರ್ಡ್ ಕೇಳುವ ಪೆಟ್ಟಿಗೆಗಳದು. ಗೂಢಲಿಪಿಯ ತಂತ್ರಾಂಶವಾದ ಜಿ.ಪಿ.ಜಿ.ಯ ಪಿನ್‌ಎಂಟ್ರಿ ಇದಕ್ಕೆ ಒಳ್ಳೆಯ ನಿದರ್ಶನ. ಗೂಢಲಿಪಿಯಲ್ಲಿರುವ ಪತ್ರವನ್ನು ತೆರೆಯುವಾಗ ಅದು ತಾನೇ ಮುಂದೆ ಬಂದು ಕೀಲಿಮಣೆಯನ್ನು ಹಿಡಿಯುತ್ತದೆ. ಎಕ್ಸ್‌ನಲ್ಲಿ ಅದು ಕೀಲಿಮಣೆಯನ್ನು ಪೂರ್ತಿಯಾಗಿ ಸೆರೆಹಿಡಿದುಕೊಳ್ಳುವುದೂ ಉಂಟು, ಏಕೆಂದರೆ ಬರೆಯುವ ಗೋಪ್ಯ ಬೇರೆ ವಿಂಡೋವಿಗೆ ಬೀಳಬಾರದು. ಉದ್ದೇಶ ರಕ್ಷಣೆಯದು; ಆದರೆ ಅದನ್ನೇ ಬೇರೊಂದು ಕಡೆಯಿಂದ ನೋಡಬೇಕು. ಕರೆಯದೆಯೇ ಎದುರಿಗೆ ಬಂದು ಪಾಸ್‌ವರ್ಡ್ ಕೇಳುವ ಪೆಟ್ಟಿಗೆಗೆ, ಯಾರು ಕೇಳುತ್ತಿದ್ದಾರೆ, ಏತಕ್ಕಾಗಿ ಎಂದು ವಿಚಾರಿಸದೆ ಪಾಸ್‌ವರ್ಡನ್ನು ಒಪ್ಪಿಸುವ ಅಭ್ಯಾಸವನ್ನು ಜನರಲ್ಲಿ ಬೆಳೆಸಿದರೆ, ಕಪಟ ಪೆಟ್ಟಿಗೆಯನ್ನು ತಯಾರಿಸುವವನ ಕೆಲಸ ಸುಲಭವಾಗುತ್ತದೆ. ನಾವೇ ಈಗ ತಾನೆ ಒತ್ತಿದ ಗುಂಡಿಯ ಫಲವಾಗಿ ಬಂದ ಪೆಟ್ಟಿಗೆಯ ಬಳಿ ಸಾಕ್ಷ್ಯ ಉಂಟು. ಅದಕ್ಕೆ ಫೋಕಸ್ ಸಲ್ಲಲಿ. ಹಿನ್ನೆಲೆಯಲ್ಲಿ ನಡೆಯುವ ಅಂಚೆಯ ತಪಾಸಣೆಯೋ ಬ್ಯಾಕಪ್ಪೋ ಎಬ್ಬಿಸಿದ ಪೆಟ್ಟಿಗೆ ಹೊರಗೆ ನಿಂತು ಸೂಚನೆ ಕೊಟ್ಟು ಕಾಯಲಿ. ಅದು ಕಾಯುವುದರಿಂದ ಕೆಡುವುದು ಸ್ವಲ್ಪ ಸಮಯ ಮಾತ್ರ.

ಮೂರನೆಯದು ತುರ್ತಿನ ಆಕ್ಷೇಪ. ಬ್ಯಾಟರಿ ಮುಗಿಯುತ್ತಿದೆ, ಡಿಸ್ಕ್ ಕೆಡುತ್ತಿದೆ. ಆಗಲೂ ಸಂಕೋಚದಿಂದ ಮೂಲೆಯಲ್ಲಿ ನಿಲ್ಲಬೇಕೆ? ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡುವುದು ಅಗತ್ಯ: ಕಣ್ಣಿಗೆ ಬೀಳುವುದು ಬೇರೆ, ಕೀಲಿಗಳನ್ನು ಕಸಿಯುವುದು ಬೇರೆ. ತುರ್ತಾದ ಸುದ್ದಿಯನ್ನು ತೆರೆಯ ನಡುವೆಯೇ ದೊಡ್ಡ ಅಕ್ಷರಗಳಲ್ಲಿ ತೋರಿಸಬಹುದು, ಧ್ವನಿ ಮಾಡಬಹುದು, ಬಣ್ಣ ಬದಲಿಸಬಹುದು; ಇವುಗಳಲ್ಲಿ ಯಾವುದಕ್ಕೂ ಬರೆಯುತ್ತಿರುವವರ ಅಕ್ಷರಗಳನ್ನು ನುಂಗುವ ಅಗತ್ಯವಿಲ್ಲ. ವಾಸ್ತವವಾಗಿ ತುರ್ತು ಹೆಚ್ಚಿದಷ್ಟೂ ಕೀಲಿಗಳನ್ನು ಕಸಿಯದಿರುವುದು ಹೆಚ್ಚು ಅವಶ್ಯ. ಏಕೆಂದರೆ ಬರೆಯುವವರ ಅಂತರದ ಕೀಲಿಯೊಂದು ಆ ಎಚ್ಚರಿಕೆಯನ್ನು ಓದುವುದಕ್ಕೆ ಮೊದಲೇ ಮುಚ್ಚಿಬಿಟ್ಟರೆ, ಅತ್ಯಂತ ಮುಖ್ಯವಾದ ಸುದ್ದಿಯೇ ಅತ್ಯಂತ ಸುಲಭವಾಗಿ ಕಳೆದುಹೋಗುತ್ತದೆ. ಫೋಕಸ್ಸನ್ನು ಕಸಿಯುವ ಎಚ್ಚರಿಕೆ ತನ್ನ ಉದ್ದೇಶವನ್ನು ತಾನೇ ಕೆಡಿಸಿಕೊಳ್ಳುತ್ತದೆ.

ನಾಲ್ಕನೆಯ ಆಕ್ಷೇಪ ಸ್ವಾತಂತ್ರ್ಯದ ಹೆಸರಿನಲ್ಲಿ ಬರುತ್ತದೆ, ಮತ್ತು ಅದನ್ನು ಗೌರವದಿಂದ ಕೇಳಬೇಕು. ಲಿನಕ್ಸನ್ನು ಆರಿಸಿಕೊಂಡವರಲ್ಲಿ ಅನೇಕರು ತಮ್ಮ ಯಂತ್ರವನ್ನು ತಮ್ಮ ಇಚ್ಛೆಯಂತೆ ನಡೆಸುವುದಕ್ಕಾಗಿಯೇ ಅದನ್ನು ಆರಿಸಿಕೊಂಡವರು. ಎಕ್ಸ್‌ಡುಟೂಲ್ ಮೊದಲಾದ ಸಾಧನಗಳಿಂದ ವಿಂಡೋಗಳನ್ನು ತಾವೇ ಬರೆದ ಸ್ಕ್ರಿಪ್ಟುಗಳ ಮೂಲಕ ಮುಂದೆ ತರುವವರು ಅವರಲ್ಲಿದ್ದಾರೆ. ಕೈಗಳಿಂದ ಮೌಸನ್ನು ಬಳಸಲಾಗದೆ, ಧ್ವನಿಯಿಂದಲೋ ವಿಶೇಷ ಉಪಕರಣದಿಂದಲೋ ಫೋಕಸ್ಸನ್ನು ನಡೆಸುವವರೂ ಇದ್ದಾರೆ. ವೇಲ್ಯಾಂಡಿನ ಕಟ್ಟುಪಾಡು ಇವರಿಗೆ ತೊಂದರೆ ಕೊಟ್ಟಿರುವುದು ನಿಜ. ಆದರೆ ಇವರೆಲ್ಲರೂ ಕೇಳುತ್ತಿರುವುದು ಬಳಸುವವರ ಇಚ್ಛೆ ಸಲ್ಲಬೇಕೆಂದೇ. ಅವರ ಬೇಡಿಕೆಯೂ ನನ್ನ ಸೂತ್ರವೂ ಒಂದೇ ಮೂಲದವು. ಬಳಸುವವರು ತಿಳಿದು ನೇಮಿಸಿದ ಸಾಧನಕ್ಕೆ ಅವರ ಕೈಯ ಸ್ಥಾನಮಾನವನ್ನು ಕೊಡುವ ದಾರಿಯನ್ನು ಕಾಂಪೋಸಿಟರುಗಳು ಕಲ್ಪಿಸಲೇಬೇಕು. ನೇಮಕ ಮಾಡುವವರು ಬಳಸುವವರೇ ಆಗಿರಬೇಕು, ತಂತ್ರಾಂಶ ತನ್ನನ್ನು ತಾನೇ ನೇಮಿಸಿಕೊಳ್ಳಬಾರದು ಎಂಬುದಷ್ಟೇ ಷರತ್ತು.

ಈ ವಿಷಯದಲ್ಲಿ ಲಿನಕ್ಸ್ ಒಂಟಿಯೂ ಅಲ್ಲ. ಮೈಕ್ರೋಸಾಫ್ಟ್ ವಿಂಡೋಸ್ 98 ಮತ್ತು 2000ದ ಕಾಲದಿಂದ, ಹಿನ್ನೆಲೆಯಲ್ಲಿರುವ ತಂತ್ರಾಂಶ ಮುಂದೆ ಬರುವುದರ ಮೇಲೆ ನಿರ್ಬಂಧವನ್ನು ಹೇರಿ, ತಿರಸ್ಕೃತ ವಿಂಡೋವಿನ ಗುಂಡಿಯನ್ನು ಪಟ್ಟಿಯಲ್ಲಿ ಮಿಣುಕಿಸುವ ಪದ್ಧತಿಯನ್ನು ತಂದಿತು. ಆಪಲ್ 2023ರ ಮ್ಯಾಕ್ಓಎಸ್ ಸೊನೋಮಾದಲ್ಲಿ, ಒಂದು ತಂತ್ರಾಂಶ ತಾನಾಗಿ ಸ್ಥಳ ಬಿಟ್ಟುಕೊಟ್ಟಾಗ ಇನ್ನೊಂದು ಮುಂದೆ ಬರುವ ಸಹಕಾರದ ಕ್ರಮವನ್ನು ಅನುಸರಿಸಿತು. ಬೇರೆ ಬೇರೆ ದಾರಿಗಳಿಂದ ಹೊರಟ ಮೂರು ಪರಂಪರೆಗಳೂ ಒಂದೇ ತೀರ್ಮಾನದ ಕಡೆಗೆ ಬಂದಿರುವುದು, ಆ ತೀರ್ಮಾನ ರುಚಿಯ ಪ್ರಶ್ನೆಯಲ್ಲವೆಂಬುದಕ್ಕೆ ಪ್ರಬಲವಾದ ಕಾರಣ.

ತತ್ತ್ವದ ದೃಷ್ಟಿಯಿಂದ ನೋಡಿದರೆ ಇದು ಸಮ್ಮತಿಯ ಪ್ರಶ್ನೆ. 1872ರ ಭಾರತೀಯ ಕರಾರು ಅಧಿನಿಯಮ ತನ್ನ 13ನೆಯ ಪ್ರಕರಣದಲ್ಲಿ, ಇಬ್ಬರು ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದಾಗಲೇ ಸಮ್ಮತಿ ಏರ್ಪಡುತ್ತದೆಂಬ ಅಭಿಪ್ರಾಯವನ್ನು ವಿಧಿಸುತ್ತದೆ. ಪತ್ರದ ಎರಡು ಪದಗಳ ನಡುವೆ ಒತ್ತಿದ ಅಂತರಕ್ಕೆ, ಎಲ್ಲಿಂದಲೋ ಎದ್ದ ಪೆಟ್ಟಿಗೆ ‘ಹೌದು’ ಎಂಬ ಅರ್ಥವನ್ನು ಕೊಟ್ಟುಕೊಂಡರೆ, ಅಲ್ಲಿ ಒಂದೇ ವಿಷಯವೂ ಇಲ್ಲ, ಒಂದೇ ಅರ್ಥವೂ ಇಲ್ಲ. ನಮ್ಮ ಹಣ, ಪತ್ರವ್ಯವಹಾರ, ಗುರುತಿನ ದಾಖಲೆಗಳು ಎಲ್ಲವೂ ಈ ಯಂತ್ರಗಳ ಮೂಲಕ ಸಾಗುತ್ತಿರುವ ಕಾಲದಲ್ಲಿ, ಒತ್ತಿದ ಕೀಲಿಯೊಂದು ನಮ್ಮ ಸಹಿಯಷ್ಟೇ ತೂಕವುಳ್ಳದ್ದಾಗಿದೆ. ಸಹಿಯನ್ನು ಯಾರೂ ತಮಗೆ ಬೇಕಾದ ಕಾಗದಕ್ಕೆ ತಿರುಗಿಸಿಕೊಳ್ಳಬಾರದೆಂದು ಬಗೆಯುವ ಸಮಾಜ, ಕೀಲಿಯ ವಿಷಯದಲ್ಲಿಯೂ ಅದನ್ನೇ ಬಗೆಯತಕ್ಕದ್ದು.

ಇದರಿಂದ ಮೂರು ಕರ್ತವ್ಯಗಳು ಹೊರಡುತ್ತವೆ. ಕಾಂಪೋಸಿಟರುಗಳನ್ನೂ ವಿಂಡೋ ಮ್ಯಾನೇಜರುಗಳನ್ನೂ ರಚಿಸುವವರು ನಿವಾರಣೆಯ ಕಟ್ಟುನಿಟ್ಟಿನ ಹಂತವನ್ನೇ ಆರಂಭದ ಸ್ಥಿತಿಯನ್ನಾಗಿ ಮಾಡಬೇಕು. ಏಕೆಂದರೆ ಸಡಿಲ ಬೇಕಾದವರು ಅದನ್ನು ಹುಡುಕಿಕೊಳ್ಳಬಲ್ಲರು, ರಕ್ಷಣೆ ಬೇಕಾದವರಲ್ಲಿ ಬಹುಮಂದಿಗೆ ಅಂಥದೊಂದು ಆಯ್ಕೆಯಿದೆಯೆಂಬುದೇ ತಿಳಿದಿರುವುದಿಲ್ಲ. ತಂತ್ರಾಂಶಗಳನ್ನು ರಚಿಸುವವರು ತಮ್ಮ ವಿಂಡೋವನ್ನು ಬಲಾತ್ಕಾರದಿಂದ ಮೇಲೆತ್ತುವ ಸಾಲುಗಳನ್ನು ಅಳಿಸಿ, ಟೋಕನ್ನನ್ನು ಪಡೆದು ಒಯ್ಯುವ ಸಾಲುಗಳನ್ನು ಬರೆಯಬೇಕು, ಮತ್ತು ಪೆಟ್ಟಿಗೆ ಕಾಣಿಸಿಕೊಂಡ ಮೊದಲ ಕ್ಷಣಗಳ ಕೀಲಿಯನ್ನು ಉತ್ತರವೆಂದು ಎಣಿಸಬಾರದು. ಬಳಸುವ ನಾವು ಈ ಪೀಡೆಗೆ ಒಗ್ಗಿಕೊಳ್ಳದೆ, ಯಾವ ಕೆಲಸದ ನಡುವೆ, ಯಾವ ತಂತ್ರಾಂಶ, ಯಾವ ಡೆಸ್ಕ್‌ಟಾಪಿನಲ್ಲಿ ಮುನ್ನುಗ್ಗಿತೆಂಬುದನ್ನು ಅವರಿಗೆ ಬರೆದು ತಿಳಿಸಬೇಕು. ಮುಕ್ತ ತಂತ್ರಾಂಶದ ಲೋಕದಲ್ಲಿ ಸ್ಪಷ್ಟವಾಗಿ ಬರೆದ ದೂರು ದೋಷವನ್ನು ತಿದ್ದುವ ಕೆಲಸದ ಮೊದಲ ಭಾಗ. ಸಂದೇಹ ಬಂದೆಡೆಯಲ್ಲಿ ನಿರ್ಣಯ ಯಾವ ಕಡೆಗೆ ಸಲ್ಲಬೇಕೆಂಬುದರಲ್ಲಿ ಈ ಮೂವರಿಗೂ ಭಿನ್ನಾಭಿಪ್ರಾಯ ಇರಬಾರದು. ತಡವಾಗಿ ಕಾಣಿಸಿಕೊಂಡ ವಿಂಡೋವಿಗೆ ಬೇಕಾದುದು ಇನ್ನೊಂದು ಒತ್ತು. ಬಯಲಾದ ಪಾಸ್‌ವರ್ಡನ್ನಾಗಲಿ, ಓದದೆ ಕೊಟ್ಟ ಒಪ್ಪಿಗೆಯನ್ನಾಗಲಿ ಎಷ್ಟು ಒತ್ತಿದರೂ ಹಿಂದಕ್ಕೆ ತರಲಾಗುವುದಿಲ್ಲ. ಆದುದರಿಂದ ಪ್ರಮಾಣದ ಭಾರ ಎಂದೆಂದಿಗೂ ಮುಂದೆ ಬರಬಯಸುವ ತಂತ್ರಾಂಶದ ಮೇಲೆಯೇ ಇರಬೇಕು, ಬರೆಯುತ್ತಿರುವವರ ಮೇಲೆ ಅಲ್ಲ.